ಒಲೆ ಹೊತ್ತಿದರೆ ವೈಫೈ

ತಳ್ಳುಗಾಡಿಯ ತುಂಬ ಹಳೇ ಮೊಬೈಲು ಹೇರಿಕೊಂಡು ಬೀದಿಗಿಳಿದವನನ್ನು ನಮ್ಮ ಕಡೆ ಗುಜರಿಯವನು ಎನ್ನುತ್ತೇವೆ. ಬರ್ಲಿನ್ನಿನಲ್ಲಿ ಅದೇ ಕೆಲಸ ಮಾಡಿದ ಸೈಮನ್ ವೆಕರ್ಟ್ ಎಂಬಾತನನ್ನು ಜಗತ್ತು ಕಲಾವಿದ ಎಂದು ಕರೆಯಿತು. ವ್ಯತ್ಯಾಸ ಇಷ್ಟೇ. ಗುಜರಿಯವನ ಫೋನುಗಳು ಸತ್ತಿರುತ್ತವೆ. ವೆಕರ್ಟನ ಪುಟ್ಟ ಕೆಂಪು ಗಾಡಿಯಲ್ಲಿದ್ದ 99 ಸೆಕೆಂಡ್ ಹ್ಯಾಂಡ್ ಫೋನುಗಳಿಗೆ ಜೀವವಿತ್ತು, ಎಲ್ಲದರಲ್ಲೂ ಗೂಗಲ್ ಮ್ಯಾಪ್ ತೆರೆದಿತ್ತು. ಆತ ಗಾಡಿ ಎಳೆಯುತ್ತಾ, ಊಟವಾದ ಮೇಲೆ ಅಡ್ಡಾಡುವವರ ಗತಿಯಲ್ಲಿ ಖಾಲಿ ರಸ್ತೆಯಲ್ಲಿ ನಡೆದ. ಫೋನುಗಳು ಪಾಪ, ತಾವು ಎಲ್ಲಿದ್ದೇವೆ, ಎಷ್ಟು ನಿಧಾನಕ್ಕೆ ಸಾಗುತ್ತಿದ್ದೇವೆ ಎಂಬುದನ್ನು ಪ್ರಾಮಾಣಿಕವಾಗಿ ವರದಿ ಮಾಡಿದವು. ಒಂದೇ ರಸ್ತೆಯಲ್ಲಿ ಇಷ್ಟೊಂದು ಜನ ತೆವಳುತ್ತಿದ್ದಾರೆಂದರೆ ಅಲ್ಲಿ ಭಾರೀ ಜಾಮ್ ಆಗಿರಲೇಬೇಕೆಂದು ಮ್ಯಾಪ್ ತೀರ್ಮಾನಿಸಿತು. ಹಸಿರಿದ್ದ ರಸ್ತೆ ಕೆಂಪಾಯಿತು. ಆಮೇಲೆ ಬರುವ ಕಾರುಗಳಿಗೆ ಬೇರೆ ದಾರಿ ತೋರಿಸುವುದು ಮ್ಯಾಪಿನ ಧರ್ಮ. ಈ ಮೆರವಣಿಗೆ ಗೂಗಲ್ಲಿನ ಬರ್ಲಿನ್ ಕಚೇರಿಯ ಎದುರಿಗೂ ಹಾದುಹೋಯಿತು.

ಇದರ ವಿಡಿಯೋ 2020ರ ಫೆಬ್ರವರಿಯಲ್ಲಿ ಹೊರಬಿದ್ದಾಗ ಗೂಗಲ್ ಸಿಟ್ಟಾಗಲಿಲ್ಲ. ಭಾರತ, ಇಂಡೋನೇಷ್ಯಾ, ಈಜಿಪ್ಟಿನಂಥ ದೇಶಗಳಲ್ಲಿ ಕಾರು ಯಾವುದು ಮೋಟಾರ್ ಸೈಕಲ್ ಯಾವುದು ಎಂದು ಗುರುತಿಸುವುದನ್ನು ಕಲಿತಿದ್ದೇವೆ, ಕೈಗಾಡಿಯದೊಂದು ಇನ್ನೂ ಬಗೆಹರಿದಿಲ್ಲ ಎಂಬರ್ಥದ ಉತ್ತರ ಕೊಟ್ಟಿತು. ಬಗೆಹರಿಯದಿದ್ದರೂ ನಮಗೇನೂ ನಷ್ಟವಿಲ್ಲ. ಬೆಂಗಳೂರಿನಲ್ಲಿ ಈ ಕಲಾಕೃತಿಯ ಪ್ರದರ್ಶನ ಅಸಾಧ್ಯ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡಿನ ಹತ್ತಿರ ತೊಂಬತ್ತೊಂಬತ್ತಲ್ಲ, ತೊಂಬತ್ತೊಂಬತ್ತು ಸಾವಿರ ಫೋನು ತಂದು ಸುರಿದರೂ ಮ್ಯಾಪಿನ ಬಣ್ಣ ಬದಲಾಗುವುದಿಲ್ಲ. ಗಾಡಿ ಎಳೆಯುವವನೇ ಎಲ್ಲರಿಗಿಂತ ಮೊದಲು ಮನೆ ಸೇರುತ್ತಾನೆ.

ಪರದೆಯ ಒಳಗಿನದಕ್ಕೂ ಹೊರಗಿನದಕ್ಕೂ ನಡುವೆ ಗೆರೆ ಎಲ್ಲಿದೆ ಎಂದು ಹುಡುಕುವ ಕಲಾವಿದರು ಈಗ ಬಹಳ ಮಂದಿ. ಅವರಲ್ಲಿ ಎರಡು ಜಾತಿ. ಮೊದಲನೆಯವರು ದೊಡ್ಡ ಹಾಲ್ ಬಾಡಿಗೆಗೆ ಹಿಡಿದು, ಗೋಡೆ ನೆಲಗಳ ಮೇಲೆಲ್ಲ ಬೆಳಕಿನ ಹೂವು ಅರಳಿಸಿ, ಸತ್ತ ವರ್ಣಚಿತ್ರಕಾರರ ಸೂರ್ಯಕಾಂತಿಗಳನ್ನು ನಮ್ಮ ಬಿಳಿ ಅಂಗಿಯ ಮೇಲೆ ಹರಿಸುತ್ತಾರೆ. ಟಿಕೆಟ್ಟು ದುಬಾರಿ, ಸೆಲ್ಫಿ ಚೆನ್ನಾಗಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಎರಡನೆಯವರದು ಬಡತನದ ಸಾಮಗ್ರಿ: ಸಿಮೆಂಟು, ಉಪ್ಪು, ಸೌದೆ, ಕೈಗಾಡಿ. ಪರದೆಯ ಒಳಗೆ ತೂಕವಿಲ್ಲದೆ ತೇಲುತ್ತಿರುವ ವಸ್ತುವನ್ನು ಕತ್ತು ಹಿಡಿದು ಹೊರಗೆಳೆದು, ನೆಲದ ಮೇಲೆ ಕುಳ್ಳಿರಿಸಿ, ಈಗ ಹೇಳಪ್ಪಾ ನೀನು ಯಾರು ಎಂದು ಕೇಳುತ್ತಾರೆ. ನನ್ನ ವೋಟು ಇವರಿಗೆ.

ಇವರ ಪೈಕಿ ನನಗೆ ಬಲು ಇಷ್ಟದವನು ಬರ್ಲಿನ್ನಿನ ಇನ್ನೊಬ್ಬ ಆಸಾಮಿ, ಆರಮ್ ಬಾರ್ತೋಲ್. ಮ್ಯಾಪಿನಲ್ಲಿ ಊರಿನ ಹೆಸರು ಹುಡುಕಿದರೆ ಕೆಂಪು ಗುರುತೊಂದು ಬಂದು ನಿಲ್ಲುತ್ತದಲ್ಲ, ಅದನ್ನು ಈತ ನಿಜವಾಗಿ ಮಾಡಿಸಿದ. ಅಳತೆಗೂ ಒಂದು ಲೆಕ್ಕವಿದೆ. ಮ್ಯಾಪನ್ನು ಎಷ್ಟು ಹಿಗ್ಗಿಸಲು ಸಾಧ್ಯವೋ ಅಷ್ಟು ಹಿಗ್ಗಿಸಿದಾಗ ಆ ಗುರುತು ನೆಲದ ಮೇಲೆ ಎಷ್ಟು ಜಾಗ ಆಕ್ರಮಿಸುತ್ತದೋ ಅಷ್ಟೇ ಗಾತ್ರ. ಜನ ಕತ್ತೆತ್ತಿ ನೋಡಬೇಕು. ಅದನ್ನು ನಿಲ್ಲಿಸುವುದು ಊರಿನ ನಡುಮಧ್ಯ ಇದೇ ಎಂದು ಗೂಗಲ್ ನಂಬಿರುವ ಜಾಗದಲ್ಲಿ. ಊರಿನ ನಡುಮಧ್ಯ ಯಾವುದು ಎಂಬ ಪ್ರಶ್ನೆ ಮಾತ್ರ ಅಷ್ಟು ಸಲೀಸಲ್ಲ. ನಮ್ಮೂರುಗಳಲ್ಲಿ ಹಳಬರನ್ನು ಕೇಳಿದರೆ ಅರಳಿಕಟ್ಟೆ ಎನ್ನುತ್ತಾರೆ, ಹುಡುಗರನ್ನು ಕೇಳಿದರೆ ಬಸ್ ಸ್ಟ್ಯಾಂಡ್ ಎನ್ನುತ್ತಾರೆ, ಹೋಟೆಲಿನವನು ಹೋಟೆಲೇ ಎನ್ನುತ್ತಾನೆ. ಮ್ಯಾಪು ಮೂವರನ್ನೂ ಕೇಳದೆ ಯಾರದೋ ಹಿತ್ತಿಲ ನುಗ್ಗೆಮರದ ಮೇಲೆ ಗುರುತು ಚುಚ್ಚಿರುತ್ತದೆ. ಮದುವೆಗೆ ಹೊರಟವರು ಅದನ್ನು ನಂಬಿ ರಾಗಿ ಕಣದಲ್ಲಿ ಕಾರು ನಿಲ್ಲಿಸಿ, ಛತ್ರ ಎಲ್ಲಿ ಎಂದು ಎಮ್ಮೆಯನ್ನು ಕೇಳುತ್ತಾರೆ.

2010ರಲ್ಲಿ ಬಾರ್ತೋಲ್ ನ್ಯೂಯಾರ್ಕಿನ ಗೋಡೆಗಳಲ್ಲಿ ಐದು ಪೆನ್ ಡ್ರೈವ್ ಹುದುಗಿಸಿ ಸಿಮೆಂಟು ಮೆತ್ತಿದ. ಹೊರಗೆ ಕಾಣುವುದು ಅದರ ಲೋಹದ ಮೂತಿ ಮಾತ್ರ. ಬೇಕಾದವರು ಲ್ಯಾಪ್‌ಟಾಪ್ ತಂದು ಗೋಡೆಗೆ ಚುಚ್ಚಿ, ಇದ್ದದ್ದನ್ನು ತೆಗೆದುಕೊಳ್ಳಬಹುದು, ತಮ್ಮದನ್ನು ಬಿಟ್ಟುಹೋಗಬಹುದು. ಡೆಡ್ ಡ್ರಾಪ್ಸ್ ಎಂದು ಹೆಸರು. ಗೋಡೆಗೂ ಕಿವಿಯುಂಟು ಎಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಈತ ಬಾಯಿಯನ್ನೂ ಕೊಟ್ಟ. ಜಗತ್ತಿನ ಬೇರೆ ಬೇರೆ ಊರುಗಳ ಜನ ತಾವೂ ಗಾರೆ ಕಲಸಿದರು, ಇಂಥ ಗೋಡೆಗಳು ಸಾವಿರ ದಾಟಿದವು. ಫೈಲು ಬೇಕೆಂದರೆ ಎದ್ದು ನಡೆದು, ಬೀದಿಯಲ್ಲಿ ಎಲ್ಲರೆದುರು ಗೋಡೆಯನ್ನು ತಬ್ಬಿಕೊಂಡು ನಿಲ್ಲಬೇಕು. ವೈರಸ್ ಬಂದರೆ ಅದು ಎಲ್ಲಿಂದ ಬಂತು ಎಂಬ ಅನುಮಾನವಾದರೂ ಇರುವುದಿಲ್ಲ.

ಆದರೆ ಈತನ ಪರಮ ಕೃತಿ ಎಂದು ನಾನು ಭಾವಿಸಿರುವುದು ಉತ್ತರ ಜರ್ಮನಿಯ ನೊಯೆನ್‌ಕಿರ್ಖೆನ್ ಎಂಬಲ್ಲಿರುವ ಒಂದು ಬಂಡೆ. 2015ರದು, ಹೆಸರು ಕೀಪ್‌ಅಲೈವ್. ನೋಡಲು ಸಾಧಾರಣ ಗುಂಡುಕಲ್ಲು. ಅದರ ಹೊಟ್ಟೆಯಲ್ಲಿ ವೈಫೈ ರೂಟರ್ ಇದೆ, ಕರೆಂಟಿಲ್ಲ. ಅದರ ಪಕ್ಕದಲ್ಲಿ ಬೆಂಕಿ ಹಾಕಬೇಕು. ಶಾಖವನ್ನು ವಿದ್ಯುತ್ತಾಗಿಸುವ ಸಾಧನವೊಂದು ಒಳಗಿದೆ. ಕಲ್ಲು ಕಾದರೆ ರೂಟರ್ ಎಚ್ಚರವಾಗುತ್ತದೆ, ಆಗ ನಿಮ್ಮ ಫೋನಿನಲ್ಲಿ ವೈಫೈ ಹೆಸರು ಮೂಡುತ್ತದೆ. ಇಂಟರ್‌ನೆಟ್ ಸಿಗುತ್ತದೆ ಎಂದುಕೊಂಡರೆ ಅದೂ ಇಲ್ಲ. ಸಿಗುವುದು ಬಂಡೆಯೊಳಗೆ ಕೂಡಿಟ್ಟ ಪಿಡಿಎಫ್‌ಗಳು: ಆಪತ್ತಿನಲ್ಲಿ ಬದುಕುಳಿಯುವುದು ಹೇಗೆ ಎಂಬ ಬಗೆಯ ಕೈಪಿಡಿಗಳು. ಕಾಡಿನಲ್ಲಿ ಬೆಂಕಿ ಮಾಡಲು ಬರುವವನಿಗೆ ಮಾತ್ರ ಬದುಕುವ ಪಾಠ ಓದಲು ಸಿಗುತ್ತದೆ!

ಇದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಹಳ್ಳಿಮನೆಯ ಹಸಿ ಸೌದೆ, ಊದುಗೊಳವೆ ಮತ್ತು ಹೊಗೆ. ಒಂದು ಮೆಸೇಜ್ ನೋಡಬೇಕೆಂದರೆ ಸೌದೆ ಒಡೆದು, ತರಗೆಲೆ ಗುಡಿಸಿ ತಂದು, ಕಣ್ಣಲ್ಲಿ ನೀರು ಬರುವವರೆಗೆ ಊದಬೇಕಾದ ಕಾಲವೊಂದು ಬಂದರೆ ಗುಡ್ ಮಾರ್ನಿಂಗ್ ಚಿತ್ರಗಳು ಎಷ್ಟು ಉಳಿದಾವು? ಫಾರ್ವರ್ಡ್ ಮಾಡುವವನ ಪ್ರೀತಿಗೆ ಆಗ ಒಂದು ಅಳತೆಗೋಲು ಸಿಕ್ಕೀತು. ಈಗಲೂ ಎಲ್ಲೋ ಯಾರೋ ಏನನ್ನೋ ಉರಿಸಿಯೇ ಆ ಚಿತ್ರಗಳು ನಮಗೆ ತಲುಪುವುದು. ಒಲೆ ದೂರದಲ್ಲಿರುವುದರಿಂದ ಹೊಗೆ ನಮ್ಮ ಕಣ್ಣಿಗೆ ತಾಗುವುದಿಲ್ಲ ಅಷ್ಟೆ.

ಉಪ್ಪಿನ ವಿಷಯಕ್ಕೆ ಬರೋಣ. ಜೇಮ್ಸ್ ಬ್ರಿಡಲ್ ಎಂಬ ಬ್ರಿಟಿಷ್ ಕಲಾವಿದರು 2017ರಲ್ಲಿ ಗ್ರೀಸಿನ ಪರ್ನಾಸಸ್ ಬೆಟ್ಟದ ಸೀಮೆಯಲ್ಲಿ, ಒಂದು ಕಾರಿನ ಸುತ್ತ ಉಪ್ಪಿನಿಂದ ಎರಡು ವೃತ್ತ ಎಳೆದರು. ಹೊರಗಿನದು ತುಂಡುಗೆರೆ, ಒಳಗಿನದು ಅಖಂಡ ಗೆರೆ. ರಸ್ತೆ ನಿಯಮದ ಪ್ರಕಾರ ತುಂಡುಗೆರೆ ನಿಮ್ಮ ಕಡೆಗಿದ್ದರೆ ದಾಟಬಹುದು, ಅಖಂಡ ಗೆರೆಯಿದ್ದರೆ ಕೂಡದು. ಹೀಗಾಗಿ ಚಾಲಕನಿಲ್ಲದೆ ಓಡುವ, ನಿಯಮ ಮೀರಲರಿಯದ ಕಾರು ಒಳಗೆ ಬರಬಹುದು, ಹೊರಗೆ ಹೋಗಲಾರದು. ಸೀತೆಯನ್ನು ಕಾಯಲು ಎಳೆದ ಗೆರೆಯ ತದ್ವಿರುದ್ಧ: ಇದು ರಾವಣನನ್ನು ಒಳಗೆ ಬಿಟ್ಟುಕೊಂಡು ಅಲ್ಲೇ ಕೂಡಿಹಾಕುವ ರೇಖೆ. ಬೂದಿಯಿಂದಲೋ ಉಪ್ಪಿನಿಂದಲೋ ದಿಗ್ಬಂಧನ ಹಾಕುವ ಮಂತ್ರವಾದಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಇದು ಫಲಿಸುತ್ತದೆಯೇ ಎಂಬ ಬಗ್ಗೆ ಮಾತ್ರ ನನಗೆ ಸಂಶಯ. ನಮ್ಮ ರಸ್ತೆಗಳಲ್ಲಿ ಕಲಿತ ಕಾರು ಯಾವ ಗೆರೆಗೂ ನಿಲ್ಲುವುದಿಲ್ಲ. ಅಕಸ್ಮಾತ್ ನಿಂತರೂ ಬೀದಿ ಹಸುಗಳು ಉಪ್ಪು ನೆಕ್ಕಿ ಬಿಡುಗಡೆ ಕೊಡಿಸುತ್ತವೆ.

ನಿಜ ಹೇಳಬೇಕೆಂದರೆ ಎರಡು ಲೋಕಗಳ ಗಡಿ ಕಾಣಲು ಗ್ರೀಸಿಗೆ ಹೋಗಬೇಕಾಗಿಲ್ಲ. ಇತ್ತೀಚೆಗೆ ಒಂದು ಕಚೇರಿಯಲ್ಲಿ ಫೋನಿನಲ್ಲಿದ್ದ ದಾಖಲೆ ತೋರಿಸಿದೆ. ಗುಮಾಸ್ತರು ಕನ್ನಡಕ ಏರಿಸಿ ನೋಡಿ, ‘ಸರಿಯಾಗಿದೆ, ಇದರದೊಂದು ಜೆರಾಕ್ಸ್ ಕೊಡಿ’ ಎಂದರು. ಎದುರಿನ ಅಂಗಡಿಯವನು ಫೋನನ್ನೇ ಗಾಜಿನ ಮೇಲೆ ಬೋರಲು ಹಾಕಿಯಾನೆಂದು ಹೆದರಿದ್ದೆ. ಆತ ವಾಟ್ಸಾಪಿಗೆ ಕಳಿಸಿಕೊಂಡು ಪ್ರಿಂಟು ತೆಗೆದ. ಗುಮಾಸ್ತರು ಅದಕ್ಕೆ ಸೀಲು ಒತ್ತಿ, ನನ್ನ ಸಹಿ ಹಾಕಿಸಿ, ಮುತುವರ್ಜಿಯಿಂದ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ, ಮ್ಯಾಪ್ ಎಂದೇ ಹೆಸರಿರುವ ಕಲಾ ಸಂಗ್ರಹಾಲಯದ ಕಥೆಯೂ ಸ್ವಲ್ಪ ಹೀಗೇ. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ ಅದು ಇಂಟರ್‌ನೆಟ್ಟಿನಲ್ಲಿ ಬಾಗಿಲು ತೆರೆಯಿತು. ನಿಜವಾದ ಬಾಗಿಲು ತೆರೆದದ್ದು 2023ರ ಫೆಬ್ರವರಿಯಲ್ಲಿ. ಒಕ್ಕಲು ಬಂದು ಎರಡು ವರ್ಷವಾದ ಮೇಲೆ ಗೃಹಪ್ರವೇಶ.

ಇದೇ ಗಡಿಯಲ್ಲಿ ಕೋಟ್ಯಂತರದ ವ್ಯಾಪಾರ ಮಾಡಿದವನು ಬ್ರಿಟಿಷ್ ಕಲಾವಿದ ಡೇಮಿಯನ್ ಹರ್ಸ್ಟ್. ಕಾಗದದ ಮೇಲೆ ಬಣ್ಣದ ಚುಕ್ಕೆಗಳ 10,000 ಚಿತ್ರ, ಪ್ರತಿಯೊಂದಕ್ಕೂ ಜೋಡಿಯಾಗಿ ಒಂದು ಎನ್‌ಎಫ್‌ಟಿ, ಅಂದರೆ ಕಂಪ್ಯೂಟರಿನಲ್ಲಷ್ಟೇ ಇರುವ ಒಡೆತನದ ಪತ್ರ. 2021ರಲ್ಲಿ ಬೆಲೆ ತಲಾ 2,000 ಡಾಲರ್. ಕೊಂಡವರು ವರ್ಷದೊಳಗೆ ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು, ಇನ್ನೊಂದು ನಾಶವಾಗುತ್ತದೆ. 5,149 ಚಿತ್ರಗಳು ಕಾಗದವಾಗಿಯೇ ಉಳಿದವು, 4,851 ಎನ್‌ಎಫ್‌ಟಿಗಳಾಗಿ ಉಳಿದವು. 2022ರ ಅಕ್ಟೋಬರಿನಲ್ಲಿ ಹರ್ಸ್ಟ್ ಲಂಡನ್ನಿನ ತನ್ನ ಗ್ಯಾಲರಿಯಲ್ಲಿ ಒಲೆಯ ಮುಂದೆ ನಿಂತು ಚಿತ್ರಗಳನ್ನು ಸುಡತೊಡಗಿದ. 2016 ಎಂದು ತಾರೀಕು ಹೊತ್ತ ಆ ಹತ್ತು ಸಾವಿರ ಚಿತ್ರಗಳಲ್ಲಿ ಕನಿಷ್ಠ ಸಾವಿರವನ್ನು ಬರೆದದ್ದು ಆಮೇಲಿನ ವರ್ಷಗಳಲ್ಲಿ ಎಂದು 2024ರಲ್ಲಿ ಗಾರ್ಡಿಯನ್ ಪತ್ರಿಕೆ ಬಯಲು ಮಾಡಿತು. ಬೆಂಕಿ ಇಲ್ಲೂ ಇತ್ತು, ಬಾರ್ತೋಲನ ಬಂಡೆಯ ಪಕ್ಕದಲ್ಲೂ ಇತ್ತು. ಒಂದರಲ್ಲಿ ವೈಫೈ ಆದರೂ ಬಂತು.

ಬಾರ್ತೋಲನ ಇನ್ನೊಂದು ಕೃತಿಯನ್ನು ಹೇಳದೆ ಬಿಡಲಾರೆ. 2012ರಲ್ಲಿ ಲಿಂಕ್ಡ್‌ಇನ್ ಜಾಲತಾಣದಿಂದ ಕಳುವಾದ ಪಾಸ್‌ವರ್ಡುಗಳು ಇಂಟರ್‌ನೆಟ್ಟಿಗೆ ಬಿದ್ದವು. ಕಳ್ಳತನದ ಸುದ್ದಿ ಓದಿ ನಾವೆಲ್ಲ ಮಾಡುವಂತೆ ಜಗತ್ತು ಪುಟ ತಿರುಗಿಸಿತು. ಮರುವರ್ಷ ಈತ ಅವುಗಳಲ್ಲಿ 47 ಲಕ್ಷ ಪಾಸ್‌ವರ್ಡುಗಳನ್ನು ಅಕಾರಾದಿಯಾಗಿ ಜೋಡಿಸಿ, ಎಂಟು ದಪ್ಪ ಸಂಪುಟಗಳಾಗಿ ಅಚ್ಚು ಹಾಕಿಸಿ, ಪ್ರದರ್ಶನದಲ್ಲಿ ನಿಘಂಟಿನ ಹಾಗೆ ಇಟ್ಟ. ಬಂದವರು ಹಾಳೆ ಮಗುಚಿ ತಮ್ಮದಿದೆಯೇ ಎಂದು ಹುಡುಕಬಹುದಿತ್ತು. ಯಾರ ಪಾಸ್‌ವರ್ಡೆಂದು ಅಲ್ಲಿ ಬರೆದಿಲ್ಲ, ಆದರೆ ಗುಟ್ಟು ಕೂಡ ಎತ್ತಿದರೆ ಕೈನೋಯುವಷ್ಟು ಭಾರ ಎಂಬುದು ಪುಸ್ತಕ ಹಿಡಿದವರಿಗೆ ತಿಳಿದೀತು. ನಿಮ್ಮದು ಮನೆದೇವರ ಹೆಸರು ಮತ್ತು ಒಂದು ಎರಡು ಮೂರು ಆಗಿದ್ದರೆ, ಈ ಪತ್ರಿಕೆ ಮಡಿಸಿಟ್ಟು ಮೊದಲು ಅದನ್ನು ಬದಲಾಯಿಸಿ.