ಆದಾಮನ ಬಾಕಿ

(ಮಂಗಳೂರಿನ ಬಲ್ಮಠದಲ್ಲಿ ಒಂದು ಟೈಲರ್ ಅಂಗಡಿ. ಟೈಲರ್ ಸದಾನಂದಣ್ಣನದ್ದು ಬಾಸೆಲ್ ಮಿಷನ್ ಕಾಲದಿಂದ ಪ್ರೊಟೆಸ್ಟೆಂಟ್ ಮನೆತನ. ಎದುರು ನಿಂತಿರುವ ಫೆಲಿಕ್ಸ್ ಪೊರ್ಬುಗಳು ಬ್ಯಾಂಕಿನಿಂದ ನಿವೃತ್ತರು, ಕ್ಯಾಥೊಲಿಕ್ ಇಗರ್ಜಿಯಲ್ಲಿ ವಾರ್ಡಿನ ಗುರ್ಕಾರ. ಇವತ್ತು ರಾತ್ರಿ ಮಗಳ ರೋಸ್ ಶಾಸ್ತ್ರ, ನಾಳೆ ಸಂಜೆ ಮದುವೆ. ಮೂಲೆಯಲ್ಲಿ ಕೆಲಸದ ಹುಡುಗ ದಿನೇಶ ಕಾಜಾ ಮಾಡುತ್ತಿದ್ದಾನೆ, ಅಥವಾ ಮಾಡುವವರ ಹಾಗೆ ಕುಳಿತಿದ್ದಾನೆ.)

ಫೆಲಿಕ್ಸ್: ಎಂತ ಸದಾನಂದಣ್ಣ ಇದು? ಕೋಟಿಗೆ ಒಂದೇ ಕೈ ಉಂಟಲ್ಲ!

ಸದಾನಂದ: ಇನ್ನೊಂದು ಕಟ್ಟಿಂಗ್ ಆಗಿದೆ ಪೊರ್ಬುಗಳೇ. ಜೋಡಿಸ್ಲಿಕ್ಕೆ ಬಾಕಿ, ಅಷ್ಟೇ.

ಫೆಲಿಕ್ಸ್: ಬುಧವಾರ ಕೊಡ್ತೇನೆ ಅಂತ ಹೇಳಿದ್ದು ಯಾರು?

ಸದಾನಂದ: ನಾನೇ. ಹೇಳುವಾಗ ಕೊಡುವ ಮನಸ್ಸೂ ಇತ್ತು. ಮಾಡ್ಬೇಕು ಅಂತ ಇದ್ದದ್ದು ಆಗುವುದಿಲ್ಲ, ಬೇಡ ಅಂತ ಇದ್ದದ್ದೇ ಆಗಿಬಿಡ್ತದೆ ಅಂತ ಪೌಲನೇ ಗೋಳಾಡಿದ್ದಾನಲ್ಲ, ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ. ಅವನದ್ದೂ ನಮ್ಮದೇ ಲೈನು, ಗುಡಾರ ಹೊಲಿಯುವುದು.

ಫೆಲಿಕ್ಸ್: ಗುಡಾರಕ್ಕೆ ಕೈ ಇರುವುದಿಲ್ಲ ಮಾರಾಯ್ರೇ.

ಸದಾನಂದ: ನಮ್ಮ ಥಿಯಾಲಾಜಿಕಲ್ ಕಾಲೇಜಿನ ಹುಡುಗರು ನಿಲುವಂಗಿ ಹೊಲಿಸ್ಲಿಕ್ಕೆ ಬರ್ತಾರೆ. ಅಳತೆ ತೆಗೆಯುವಾಗಲೂ ಅವರಿಗೆ ವಾದವೇ. ಅವರಿಂದ ಕೇಳಿದ್ದು: ಎರಾಸ್ಮಸ್ ಅಂತ ಒಬ್ಬ ಪಂಡಿತ 1524ರಲ್ಲಿ ಮನುಷ್ಯನಿಗೆ ಸ್ವಂತ ಇಚ್ಛೆ ಉಂಟು ಅಂತ ಪುಸ್ತಕ ಬರೆದನಂತೆ. ಮರುವರ್ಷವೇ ಲೂಥರ್ ಅದಕ್ಕೆ ಉತ್ತರ ಕೊಟ್ಟ. ಇಚ್ಛೆ ಅಂದ್ರೆ ಸವಾರಿಯ ಪ್ರಾಣಿ, ದೇವರು ಹತ್ತಿದರೆ ದೇವರ ದಾರಿಗೆ, ಸೈತಾನ ಹತ್ತಿದರೆ ಅವನ ದಾರಿಗೆ.

ಫೆಲಿಕ್ಸ್: ಬುಧವಾರ ನಿಮ್ಮ ಮೇಲೆ ಹತ್ತಿದ್ದು ಯಾರು?

ಸದಾನಂದ: ಯಾರೂ ಇಲ್ಲ. ಬೆಳಿಗ್ಗೆಯಿಂದ ಕರೆಂಟೇ ಇರ್ಲಿಲ್ಲ.

ಫೆಲಿಕ್ಸ್: ನನಗೆ ಲೂಥರನನ್ನು ತೋರಿಸಬೇಡಿ, ರಿಟೈರ್ ಆದ ಮೇಲೆ ಅವನನ್ನೂ ಓದಿದ್ದೇನೆ. ಅವ ಹೇಳಿದ್ದು ರಕ್ಷಣೆಯ ವಿಷಯ. ಹಣ, ಆಸ್ತಿ, ಇಂಥ ಕೆಳಗಿನ ವಿಷಯದಲ್ಲಿ ಮನುಷ್ಯನಿಗೆ ಸ್ವಾತಂತ್ರ್ಯ ಉಂಟು ಅಂತ ಅದೇ ಪುಸ್ತಕದಲ್ಲಿ ಒಪ್ಪಿದ್ದಾನೆ.

ಸದಾನಂದ: ಪ್ಯಾಂಟಾದ್ರೆ ಕೆಳಗಿನ ವಿಷಯ. ಇದು ಕೋಟು.

(ದಿನೇಶ ನಗುತ್ತಾನೆ. ಪೊರ್ಬುಗಳು ನಗುವುದಿಲ್ಲ. ಒಂದು ಕೈಯ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತವರಿಗೆ ನಗು ಬರುವುದು ಕಷ್ಟ.)

ಫೆಲಿಕ್ಸ್: ನಮ್ಮಲ್ಲಿ ಇಂಥ ನೆಪ ನಡೆಯುವುದಿಲ್ಲ. ಆದಾಮನ ಪಾಪದಿಂದ ಇಚ್ಛೆಗೆ ಬಲ ಕಮ್ಮಿ ಆದದ್ದು ಹೌದು, ಸತ್ತುಹೋಗಲಿಲ್ಲ ಅಂತ ಟ್ರೆಂಟ್ ಸಭೆ 1547ರಲ್ಲೇ ತೀರ್ಮಾನ ಮಾಡಿದೆ. ಅದಕ್ಕೇ ನಾವು ಪಾಪನಿವೇದನೆಗೆ ಹೋಗುವುದು. ಮಾಡಿದವನು ತಾನೇ ಮೊಣಕಾಲೂರಿ ಹೇಳ್ಬೇಕು. ಮಾಡಿದ್ದು ಮಾತ್ರ ಅಲ್ಲ, ಮಾಡದೆ ಬಿಟ್ಟದ್ದನ್ನೂ. ನಿಮ್ಮದು ಆ ಕೊನೆಯ ಜಾತಿ.

ಸದಾನಂದ: ದೊಡ್ಡ ಪಾಪವಾ, ಸಣ್ಣದಾ?

ಫೆಲಿಕ್ಸ್: ಮಾರಕ ಪಾಪ ಆಗ್ಲಿಕ್ಕೆ ಮೂರು ಬೇಕು. ವಿಷಯ ಗಂಭೀರ ಇರ್ಬೇಕು. ಮಗಳ ಮದುವೆ, ಇದಕ್ಕಿಂತ ಗಂಭೀರ ಎಂತ ಉಂಟು? ಎರಡನೆಯದು, ಪೂರ್ತಿ ಗೊತ್ತಿರ್ಬೇಕು. ರಶೀದಿಯಲ್ಲಿ ನಿಮ್ಮದೇ ಅಕ್ಷರ ಉಂಟು. ಮೂರನೆಯದು, ಮನಸ್ಸಾರೆ ಒಪ್ಪಿ ಮಾಡಿರ್ಬೇಕು...

ಸದಾನಂದ: ಅಲ್ಲಿಗೇ ನಿಲ್ಲಿಸಿ! ನಾನು ಒಪ್ಪಿ ಮಾಡಿದ್ದಲ್ಲ, ಆಗಿಹೋದದ್ದು. ಮೂರರಲ್ಲಿ ಒಂದು ಬಿತ್ತು. ನಿಮ್ಮ ಲೆಕ್ಕದಲ್ಲೇ ಇದು ಲಘು ಪಾಪ. ಒಂದು ಗುಂಡಿ ಹೆಚ್ಚು ಇಟ್ಟು ಕೊಡ್ತೇನೆ, ಮುಗಿಯಿತು.

ಫೆಲಿಕ್ಸ್: ಮನಸ್ಸು ಮಾಡಿದರೆ ಯಾವನಿಗೂ ಆಗ್ತದೆ ಅಂತೇನೆ ನಾನು!

ಸದಾನಂದ: ಜಾಗ್ರತೆ ಪೊರ್ಬುಗಳೇ, ಅದು ಪೆಲಾಜಿಯಸ್‌ನ ಮಾತು. ದೇವರು ಮಾಡು ಅಂತ ಹೇಳಿದ್ರೆ ಮನುಷ್ಯನಿಗೆ ಅದು ಸಾಧ್ಯ ಅಂತಲೇ ಅರ್ಥ ಅಂತ ಅವನೂ ಹೇಳ್ತಿದ್ದ. ಅಗಸ್ಟೀನ್ ಹಟ ಹಿಡಿದು, 418ರಲ್ಲಿ ಕಾರ್ಥೇಜಿನ ಸಭೆಯಲ್ಲಿ ಆ ಬೋಧನೆಯನ್ನು ಖಂಡಿಸಿ ಹೊರಗೆ ಹಾಕಿದ್ರು. ಹಾಕಿದ್ದು ನಿಮ್ಮವರೇ. ಆಗ ನಮ್ಮವರು ಹುಟ್ಟಿರ್ಲಿಲ್ಲ.

ದಿನೇಶ: ಅಣ್ಣಾ, ಆ ಆದಾಮ ಎಂತ ಮಾಡಿದ್ದು?

ಸದಾನಂದ: ಬೇಡ ಅಂದ ಹಣ್ಣು ತಿಂದ. ದೇವರು ಕೇಳಿದಾಗ ಹೆಂಡತಿಯನ್ನು ತೋರಿಸಿದ. ಅವಳು ಹಾವನ್ನು ತೋರಿಸಿದಳು. ಆಮೇಲೆ ನಾಚಿಕೆ ಮುಚ್ಚಿಕೊಳ್ಳುವಷ್ಟು... ಅಲ್ಲಲ್ಲ, ಅದಕ್ಕೂ ಮೊದಲೇ ಇಬ್ಬರೂ ಕೂತು ಅಂಜೂರದ ಎಲೆ ಹೊಲಿದರು. ಲೋಕದ ಮೊದಲ ಕಸುಬು ಅದು, ತಿಳ್ಕೊ. ಪಾಪ ಇಲ್ಲದಿದ್ರೆ ನಮಗೆ ಅಂಗಡಿಯೇ ಇಲ್ಲ.

ಫೆಲಿಕ್ಸ್: ಅವರು ಕೂಡ ಅದೇ ದಿನ ಹೊಲಿದು ಮುಗಿಸಿದ್ರು, ನೋಡಿ!

ಸದಾನಂದ: (ಕಪಾಟಿನಿಂದ ಹಳೇ ಲೆಕ್ಕದ ಪುಸ್ತಕ ತೆಗೆದು) ಮುಗಿಸಿದ ಮಾತು ಬಂತಲ್ಲ. ಈಸ್ಟರಿಗೆ ಹೊಲಿಸಿದ ಎರಡು ಪ್ಯಾಂಟಿನ ಹಣ ಇನ್ನೂ ಬರಲಿಲ್ಲ.

ಫೆಲಿಕ್ಸ್: ಅದಾ... ಕೊಡುವ ಮನಸ್ಸು ಇತ್ತು ಸದಾನಂದಣ್ಣ. ಆದರೆ ಮದುವೆಮನೆಯ ಖರ್ಚು ನಿಮಗೆ ಗೊತ್ತುಂಟಲ್ಲ. ಕೈ ಕಟ್ಟಿದ ಹಾಗೆ ಆಗ್ತದೆ.

ಸದಾನಂದ: ಓಹೋ! ನನ್ನ ಕೈ ಕಟ್ಟಿದ್ರೆ ಪಾಪ, ನಿಮ್ಮದು ಕಟ್ಟಿದ್ರೆ ಪರಿಸ್ಥಿತಿ. ಇರ್ಲಿ. ಇಲ್ಲಿ ಇನ್ನೊಂದು ಉಂಟು. ನಿಮ್ಮ ತಂದೆಯವರು ನನ್ನ ತಂದೆಯ ಹತ್ತಿರ ಹೊಲಿಸಿದ ಸೂಟು, ಬಾಕಿ ನಲವತ್ತು ರೂಪಾಯಿ.

ಫೆಲಿಕ್ಸ್: ತಂದೆಯ ಬಾಕಿಗೆ ನಾನು ಹೊಣೆಯಾ?

ಸದಾನಂದ: ಆದಾಮನ ಬಾಕಿಗೆ ಆಗಿದ್ದೀರಲ್ಲ!

ಫೆಲಿಕ್ಸ್: ಅದು ಬೇರೆ! ಜನ್ಮಪಾಪ ಅಂದ್ರೆ ನಾವು ಮಾಡಿದ್ದಲ್ಲ, ನಮಗೆ ಬಂದದ್ದು. ನಮ್ಮ ಸ್ವಂತ ತಪ್ಪು ಅಂತ ಅದನ್ನು ಎಣಿಸುವುದಿಲ್ಲ. ಮತ್ತೆ ಯೆಹೆಜ್ಕೇಲನ 18ನೇ ಅಧ್ಯಾಯ ತೆಗೆದು ನೋಡಿ, ಅಪ್ಪನ ದೋಷ ಮಗನ ತಲೆಗೆ ಕಟ್ಟುವ ಹಾಗಿಲ್ಲ.

ಸದಾನಂದ: ದೋಷ ಬೇಡ, ನಲವತ್ತು ರೂಪಾಯಿ ಸಾಕು. ಬಡ್ಡಿ ಬಿಟ್ಟಿದ್ದೇನೆ, ಅದು ಕೃಪೆ. ಕೃಪೆ ಎಲ್ಲರಿಗೂ ಉಂಟು, ತೆಗೆದುಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ವೆಸ್ಲಿ ಹೇಳಿದ್ದು ಹಾಗೇ.

ಫೆಲಿಕ್ಸ್: ಈಗಷ್ಟೇ ಲೂಥರನ ಸವಾರಿ ಮಾಡ್ತಿದ್ರಿ, ವೆಸ್ಲಿ ಎಲ್ಲಿಂದ ಬಂದ?

ಸದಾನಂದ: ನಮ್ಮದು ಸಿ.ಎಸ್.ಐ. ಪೊರ್ಬುಗಳೇ. 1947ರಲ್ಲಿ ಮದ್ರಾಸಿನಲ್ಲಿ ಆಂಗ್ಲಿಕನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನರು ಎಲ್ಲ ಸೇರಿ ಒಂದಾದದ್ದು. ನಾವು ಬಾಸೆಲಿನವರು ಆಮೇಲೆ ಸೇರಿದೆವು. ಎಲ್ಲ ಮೊದಲೇ ನಿಶ್ಚಯ ಅನ್ನುವ ಕಾಲ್ವಿನನ ಕಡೆಯವರೂ, ಅಲ್ಲ ಅನ್ನುವ ವೆಸ್ಲಿಯ ಕಡೆಯವರೂ ಒಂದೇ ಬೆಂಚಿನಲ್ಲಿ ಕೂರ್ತಾರೆ. ಕೆಲಸ ತಡವಾದಾಗ ಕಾಲ್ವಿನ್, ವಸೂಲಿಗೆ ವೆಸ್ಲಿ.

ದಿನೇಶ: (ಮೆಲ್ಲಗೆ) ಅಣ್ಣಾ, ಆ ಎಡಗೈ ನಿನ್ನೆ ನನ್ನ ಹತ್ತಿರ ಕೊಟ್ಟಿದ್ರಿ ಅಲ್ವಾ. ರಾತ್ರಿ ಕೂತು ಜೋಡಿಸುವ ಅಂತಲೇ ಇದ್ದೆ. ಕದ್ರಿಯಲ್ಲಿ ಯಕ್ಷಗಾನ ಆಟ ಇತ್ತು. ಚೆಂಡೆ ಕೇಳಿದ ಮೇಲೆ ಹೋಗದೆ ಇರ್ಲಿಕ್ಕೆ ಆಗ್ಲಿಲ್ಲ.

ಸದಾನಂದ: ಆಗ್ಲಿಲ್ಲ ಅಂದ್ರೆ ಎಂತದು? ಕಾಲು ನಿನ್ನದೇ ಅಲ್ವಾ?

ಫೆಲಿಕ್ಸ್: ಯಾರಾದ್ರೂ ಕಟ್ಟಿ ಎಳ್ಕೊಂಡು ಹೋದ್ರಾ ನಿನ್ನನ್ನು?

(1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಒಂದು ಘೋಷಣೆಗೆ ರುಜು ಹಾಕುವುದಕ್ಕೆ ವರ್ಷಗಟ್ಟಲೆ ಮಾತುಕತೆ ಬೇಕಾಯಿತು. ಕೆಲಸದ ಹುಡುಗನ ವಿಷಯದಲ್ಲಿ ಇಷ್ಟು ಬೇಗ ಒಮ್ಮತ ಬರುತ್ತದೆ ಅಂತ ಅಲ್ಲಿ ಯಾರಿಗೂ ಹೊಳೆಯಲಿಲ್ಲ.)

ದಿನೇಶ: ನೀವೇ ಅಲ್ವಾ ಇಷ್ಟು ಹೊತ್ತು ಹೇಳಿದ್ದು, ಸವಾರಿ, ಕರೆಂಟು ಅಂತ?

ಸದಾನಂದ: ಅದು ದೇವಶಾಸ್ತ್ರ. ಇದು ಕೆಲಸ.

ದಿನೇಶ: ನನ್ನ ಎರಡು ತಿಂಗಳ ಸಂಬಳ ಬಾಕಿ ಉಂಟಲ್ಲ ಅಣ್ಣಾ, ಅದು ಯಾವುದರಲ್ಲಿ ಬರ್ತದೆ?

ಸದಾನಂದ: (ಫೆಲಿಕ್ಸರ ಕಡೆ ಕೈ ತೋರಿಸಿ) ಇವರು ಕೊಟ್ರೆ ನಾನು ಕೊಡ್ತೇನೆ.

ಫೆಲಿಕ್ಸ್: ನನ್ನನ್ನು ಯಾಕೆ ತೋರಿಸ್ತೀರಿ? ಕೇಟರಿಂಗಿನವನು ಇದ್ದಬದ್ದದ್ದನ್ನೆಲ್ಲ ಅಡ್ವಾನ್ಸ್ ಅಂತ ತೆಗೊಂಡು ಹೋಗಿದ್ದಾನೆ.

ದಿನೇಶ: (ಸೂಜಿ ಕೆಳಗಿಟ್ಟು ಎದ್ದು) ಆ ಹಾವು ಎಲ್ಲಿ ಉಂಟು ಹೇಳಿ, ನಾನೇ ಹೋಗಿ ಕೇಳ್ತೇನೆ.