ನಕ್ಷತ್ರಿಕನಿಗೊಂದು ಜವಾಬು

ಲಕೋಟೆಗಳಲ್ಲಿ ಎರಡೇ ಪಂಗಡ: ಕಿಟಕಿ ಇರುವವು, ಕಿಟಕಿ ಇಲ್ಲದವು. ಕಿಟಕಿ ಇಲ್ಲದ್ದರಲ್ಲಿ ಮದುವೆಯ ಕರೆಯೋಲೆ, ಕ್ರಿಸ್‌ಮಸ್ ಕಾರ್ಡು, ಪಕ್ಕದ ಮನೆಯ ಅಜ್ಜಿಯ ಥ್ಯಾಂಕ್ಯೂ ಚೀಟಿ ಬರುತ್ತವೆ. ಕಿಟಕಿ ಇದ್ದರೆ, ಯಾರಿಗೋ ನಮ್ಮಿಂದ ಏನೋ ವಸೂಲಾಗಬೇಕಿದೆ ಎಂದೇ ಅರ್ಥ. ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರು ಇದಕ್ಕೊಂದು ಕ್ರಮ ಮಾಡಿಕೊಂಡಿದ್ದಾರೆ. ಕಿಟಕಿಯ ಲಕೋಟೆ ಬಂದರೆ ಒಡೆಯದೆ ಮೈಕ್ರೋವೇವ್ ಮೇಲಿಡುವುದು. ಅಲ್ಲಿ ಕೆಲವು ವಾರ ಮಾಗಿದ ಮೇಲೆ ಡ್ರಾಯರಿಗೆ ವರ್ಗ ಮಾಡುವುದು. ಡ್ರಾಯರು ಮುಚ್ಚದಾದಾಗ ಹಿತ್ತಿಲ ಷೆಡ್ಡಿಗೆ ಬಡ್ತಿ ಕೊಡುವುದು. ಈ ಪದ್ಧತಿಯಿಂದ ಅಂಥ ಅಪಾಯವೇನಿಲ್ಲ, ನಾರ್ಥಾಂಪ್ಟನ್‌ನಿಂದ ಬರುವ ಲಕೋಟೆಯೊಂದನ್ನು ಬಿಟ್ಟರೆ.

ಆ ಲಕೋಟೆಯನ್ನು ಹಿಡಿದುಕೊಂಡು ನನ್ನ ಷಡ್ಡಕ ಚಂದ್ರಣ್ಣ ಬೆಡ್‌ಫರ್ಡ್‌ನಿಂದ ಮಿಲ್ಟನ್ ಕೀನ್ಸ್‌ನ ನಮ್ಮ ಮನೆಗೆ ಬಂದರು. ನನ್ನ ತಾತ ತಿಪಟೂರಿನ ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುತ್ತಿದ್ದವರು. ಆ ಸುದ್ದಿ ನಮ್ಮ ಬಳಗದಲ್ಲಿ ಹಬ್ಬಿದಂದಿನಿಂದ ಯಾರ ಮನೆಗೆ ಯಾವ ಫಾರಂ ಬಂದರೂ ಅದು ನನ್ನ ಊಟದ ಮೇಜಿನ ಮೇಲೆ ಬಂದು ಬೀಳುತ್ತದೆ.

"ಕೋರ್ಟಿಂದ ಬಂದಿದೆ ಕಣಯ್ಯ. ಜೈಲಿಗೆ ಹಾಕ್ತಾರೇನು?"

"ನೀವು ಸ್ವಲ್ಪ ತಡವಾಗಿ ಬಂದ್ರಿ ಭಾವ," ಎಂದೆ. ಇದು ನಿಜ. 1824ರಲ್ಲಿ ಚಾರ್ಲ್ಸ್ ಡಿಕನ್ಸನ ಅಪ್ಪನನ್ನು ಬೇಕರಿಯವನ 40 ಪೌಂಡ್ 10 ಷಿಲಿಂಗ್ ಬಾಕಿಗಾಗಿ ಲಂಡನ್ನಿನ ಮಾರ್ಷಲ್ಸೀ ಜೈಲಿಗೆ ತಳ್ಳಿದ್ದರು. ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಷ್ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುತ್ತ ಕೂತ. 1869ರ ಕಾಯ್ದೆ ಬಂದ ಮೇಲೆ ಇಂಥ ಸಾಲಕ್ಕೆ ಜೈಲೆಂಬುದು ಮುಗಿದ ಕಥೆ. ಇದನ್ನು ಕೇಳಿ ಚಂದ್ರಣ್ಣನಿಗೆ ಸಮಾಧಾನವಾಯಿತು. ಅವರ ಹೆಂಡತಿ ಸುಮಿತ್ರಕ್ಕನಿಗೆ ಮಾತ್ರ ಆಗಲಿಲ್ಲ. "ನಮ್ಮ ಹುಡುಗ ಡಿಕನ್ಸ್ ಆಗೋ ಚಾನ್ಸೂ ಹೋಯ್ತು ಅನ್ನಿ," ಎಂದರು.

ಲಕೋಟೆ ಒಡೆದೆವು. ವಾದಿಯ ಜಾಗದಲ್ಲಿದ್ದ ಕಂಪನಿಯ ಹೆಸರನ್ನು ಚಂದ್ರಣ್ಣ ಜನ್ಮದಲ್ಲಿ ಕೇಳಿರಲಿಲ್ಲ. "ನಾನು ಸಾಲ ಮಾಡಿದ್ದು ಬ್ಯಾಂಕಿನ ಹತ್ರ. ಇವನು ಯಾವನಯ್ಯ?"

ಸಾಲಿಗನ ಬೆನ್ನು ಬಿಡದವನ ವಿಷಯ ಕನ್ನಡಿಗರಿಗೆ ಹೊಸದಲ್ಲ. ರಾಘವಾಂಕನ ಕಾವ್ಯದಲ್ಲಿ ವಿಶ್ವಾಮಿತ್ರನ ಬಾಕಿ ವಸೂಲಿಗೆಂದು ಹರಿಶ್ಚಂದ್ರನ ಹಿಂದೆಯೇ ನಡೆದ ನಕ್ಷತ್ರಿಕ ಇಂದಿಗೂ ನಮ್ಮ ಮನೆಮಾತಿನಲ್ಲಿದ್ದಾನೆ. ಆದರೆ ಪಾಪ, ಆತ ಬರೀ ನೌಕರ, ವಸೂಲಾದದ್ದೆಲ್ಲ ಗುರುವಿಗೆ. ಇಂಗ್ಲೆಂಡಿನ ನಕ್ಷತ್ರಿಕ ವ್ಯಾಪಾರಸ್ಥ. ವಿಶ್ವಾಮಿತ್ರನಿಗೆ ಅಲೆದು ಬೇಸರವಾದಾಗ ಆ ಸಾಲವನ್ನು, ಇನ್ನೂ ಸಾವಿರಾರು ಹರಿಶ್ಚಂದ್ರರ ಸಾಲದ ಜೊತೆ ಕಟ್ಟು ಕಟ್ಟಿ, ಮುಖಬೆಲೆಯ ಒಂದು ಸಣ್ಣ ಪಾಲಿಗೆ ಈತ ಕೊಂಡುಕೊಳ್ಳುತ್ತಾನೆ. ಕೊಂಡ ಮೇಲೆ ಪೂರ್ತಿ ಮೊತ್ತವನ್ನೂ ಕೇಳುತ್ತಾನೆ. ಇದೆಲ್ಲ ಕಾನೂನುಬದ್ಧ. ಸಾಲ ಕೈ ಬದಲಾಯಿಸಿತೆಂದು ಸಾಲಗಾರನಿಗೆ ಲಿಖಿತ ನೋಟಿಸ್ ಕೊಟ್ಟರೆ, 1925ರ ಆಸ್ತಿ ಕಾಯ್ದೆಯ ಪ್ರಕಾರ ನಕ್ಷತ್ರಿಕನೇ ಇನ್ನು ವಿಶ್ವಾಮಿತ್ರ. ಆ ನೋಟಿಸ್ ಬಂದಿತ್ತೇ ಎಂದು ವಿಚಾರಿಸಿದಾಗ ಚಂದ್ರಣ್ಣ ಷೆಡ್ಡಿನ ದಿಕ್ಕು ನೋಡಿದರು.

ದಾವೆಯ ವಿವರ ಆರೇಳು ಸಾಲಿತ್ತು. ಆನ್‌ಲೈನಿನಲ್ಲಿ ಹೂಡುವ ದಾವೆಗೆ ಕೋರ್ಟು ಕೊಡುವ ಜಾಗವೇ 1080 ಅಕ್ಷರ, ಪದಗಳ ನಡುವಿನ ಬಿಡುವೂ ಸೇರಿ. ಕಾರ್ಡು ಕೊಟ್ಟದ್ದು, ಕಂತು ತಪ್ಪಿದ್ದು, ಸಾಲ ಕೈ ಬದಲಾದದ್ದು ಎಲ್ಲ ಅದರೊಳಗೇ ಮುಗಿದಿತ್ತು. ಕೊನೆಗೆ ಎರಡು ಸಾವಿರ ಚಿಲ್ಲರೆ ಪೌಂಡ್ ಅಸಲು, ಶೇಕಡಾ 8ರ ಬಡ್ಡಿ, 115 ಪೌಂಡ್ ಕೋರ್ಟ್ ಶುಲ್ಕ. ಜೊತೆಗೊಂದು ಪಾಸ್‌ವರ್ಡ್. ಪಾಸ್‌ವರ್ಡನ್ನು ಹೆಂಡತಿಗೂ ಹೇಳಬೇಡಿ ಎಂದು ಬ್ಯಾಂಕು ಬಾರಿಬಾರಿಗೂ ಎಚ್ಚರಿಸುತ್ತದೆ. ಕೋರ್ಟು ಅದನ್ನು ಅಚ್ಚು ಹಾಕಿ ಟಪಾಲಿನಲ್ಲೇ ಕಳಿಸುತ್ತದೆ.

"ನಾರ್ಥಾಂಪ್ಟನ್ ಎಷ್ಟು ದೂರ? ಒಂದ್ಸಲ ಹೋಗಿ ಸಾಹೇಬ್ರನ್ನ ಕಂಡು ಬರೋಣ," ಎಂದರು ಚಂದ್ರಣ್ಣ. ಅರಸೀಕೆರೆಯಲ್ಲಿ ಬೆಳೆದವರ ಸಹಜ ನ್ಯಾಯಶಾಸ್ತ್ರವಿದು: ಯಾವ ಕೆಲಸವಾದರೂ ಸಾಹೇಬರ ಮುಖ ನೋಡಿದರೆ ಅರ್ಧ ಮುಗಿದಂತೆ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಈ ರಾಶಿ ರಾಶಿ ದಾವೆಗಳು ಹೊರಡುವ ನಾರ್ಥಾಂಪ್ಟನ್ನಿನ ಕೇಂದ್ರದಲ್ಲಿ ಕಾಣುವುದಕ್ಕೆ ಸಾಹೇಬರಿಲ್ಲ, ಕಟಕಟೆಯಿಲ್ಲ, ಬಾಗಿಲಲ್ಲಿ ಹೆಸರು ಕೂಗುವ ಜವಾನನಿಲ್ಲ. ಬರೀ ಕಾಗದ, ಕಂಪ್ಯೂಟರು. ನಾರ್ಥಾಂಪ್ಟನ್ ಬೂಟು ಹೊಲಿಯುವುದರಲ್ಲಿ ಹೆಸರಾದ ಊರು. ಅಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರೂ ಅದೇ ಕಸುಬಿನದು. ಕಚೇರಿಗೆ ಅಲೆದು ಚಪ್ಪಲಿ ಸವೆಸುವುದನ್ನೇ ವ್ಯವಹಾರವೆಂದು ನಂಬಿದ ನಾವು, ಆ ಊರಿನ ಕೋರ್ಟಿಗೆ ಮಾತ್ರ ಚಪ್ಪಲಿ ಮೆಟ್ಟದೆಯೇ ಉತ್ತರ ಕೊಡಬೇಕು. ಅದು ಕೇಳುವುದೂ ಅಷ್ಟೇ, ಒಂದು ಉತ್ತರ.

ಉತ್ತರಕ್ಕೆ ಗಡುವಿದೆ. ದಾವೆ ಹೊರಟ ತಾರೀಖಿಗೆ 5 ದಿನ ಕೂಡಿಸಿದರೆ ಅದು ನಮ್ಮ ಕೈ ಸೇರಿತೆಂದು ಲೆಕ್ಕ. ಅಂಚೆಯವನಿಗೆ ಜ್ವರ ಬಂದಿತ್ತು, ಲಕೋಟೆ ಮೈಕ್ರೋವೇವ್ ಮೇಲಿತ್ತು ಎಂಬ ಸಬೂಬು ನಡೆಯದು. ಅಲ್ಲಿಂದ 14 ದಿನದೊಳಗೆ ಮಾತಾಡಬೇಕು. ದಾವೆ ತಲುಪಿದೆ, ವಿರೋಧಿಸುತ್ತೇನೆ ಎಂದು ಒಂದು ಚೌಕಕ್ಕೆ ಗುರುತು ಹಾಕಿದರೆ 14 ಹೋಗಿ 28 ಆಗುತ್ತದೆ. ಮೈಸೂರಿನಲ್ಲಿ ವಕೀಲನಾಗಿರುವ ನನ್ನ ಭಾವಮೈದ ಇದನ್ನು ಕೇಳಿ ಬೆರಗಾದ. "ಫೀಸಿಲ್ಲ, ವಕಾಲತ್ತಿಲ್ಲ, ಮನೇಲಿ ಕೂತು ವಾಯಿದೆ ತೊಗೋಬಹುದಾ? ಅಲ್ಲಿ ವಕೀಲರು ಹೊಟ್ಟೆಗೇನು ಮಾಡ್ತಾರೆ?"

ಗಡುವಿನೊಳಗೆ ಬಾಯಿಬಿಡದಿದ್ದರೆ ವಾದಿ ಕೇಳಿದ್ದಕ್ಕೆಲ್ಲ ಎಕ್ಸ್‌ಪಾರ್ಟಿ ಡಿಕ್ರಿ. ಇಂಥ ಸಾಲದ ದಾವೆಗಳಲ್ಲಿ ಬಹುಪಾಲು ಹೀಗೇ ಮುಗಿಯುತ್ತವೆ. ನಕ್ಷತ್ರಿಕನ ವ್ಯಾಪಾರ ನಿಂತಿರುವುದೇ ಹರಿಶ್ಚಂದ್ರನ ಮೌನದ ಮೇಲೆ. ಒಂದು ತಿಂಗಳೊಳಗೆ ಪೂರ್ತಿ ಹಣ ಕಟ್ಟಿದರೆ ಸರಿ, ಇಲ್ಲದಿದ್ದರೆ ಆ ತೀರ್ಪು ಆರು ವರ್ಷ ಸರ್ಕಾರಿ ರಿಜಿಸ್ಟರಿನಲ್ಲಿ ಉಳಿಯುತ್ತದೆ. ಮನೆ ಸಾಲ, ಕಾರಿನ ಸಾಲ, ಕೊನೆಗೊಂದು ಮೊಬೈಲ್ ಕಂತು ಕೇಳಲು ಹೋದಾಗಲೂ ಅದು ಎದುರು ನಿಲ್ಲುತ್ತದೆ. ಊರಲ್ಲಿ ಮರ್ಯಾದೆ ಹೋದರೆ ನಾಲ್ಕು ಜನ ಆಡಿಕೊಂಡು ಮರೆಯುತ್ತಾರೆ. ಇಲ್ಲಿ ಮರ್ಯಾದೆಗೂ ಅಂಕಿ ಇದೆ, ಅದನ್ನು ಕಂಪ್ಯೂಟರು ನೆನಪಿಟ್ಟುಕೊಳ್ಳುತ್ತದೆ.

ಈ ನಡುವೆ ಯುಗಾದಿ ಬಂತು. ಹೋಳಿಗೆಯ ಸಾಲಿನಲ್ಲಿ ನಿಂತಾಗ ಚಂದ್ರಣ್ಣ ಯಾರದೋ ಕಿವಿಯಲ್ಲಿ ವಿಷಯ ಉಸುರಿದರು. ಕೋಸಂಬರಿಯ ಹತ್ತಿರ ಬರುವ ಹೊತ್ತಿಗೆ ಸಭಾಂಗಣಕ್ಕೆಲ್ಲ ಗೊತ್ತಾಗಿತ್ತು. ಇಂಗ್ಲೆಂಡಿನ ಕನ್ನಡಿಗರ ಕೂಟದಲ್ಲಿ ಯಾವ ವಿಷಯ ಎತ್ತಿದರೂ ಮೊದಲು ಮಾತಾಡುವವರು ಡಾಕ್ಟರು. "ರಿಪ್ಲೈ ಮಾಡಬೇಡಿ, ತಾನಾಗೇ ವಾಸಿಯಾಗುತ್ತೆ," ಎಂದರು ಮೂಳೆ ತಜ್ಞರು. "ಏನೇ ಬರೆದ್ರೂ ಸಹಿ ಹಾಕಬೇಡಿ, ಕತ್ತರಿಸಿ ಅಗ್ರಿಮೆಂಟಿಗೆ ಅಂಟಿಸಿಕೊಳ್ತಾರೆ," ಎಂದರು ಅರಿವಳಿಕೆಯವರು. ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಎಂಬ, ಇಂಥದ್ದಕ್ಕೇ ಪುಕ್ಕಟೆಯಾಗಿ ಸಲಹೆ ಕೊಡುವ ಸಂಸ್ಥೆಗಳಿವೆ ಎಂದು ನಾನು ಹೇಳುತ್ತಿದ್ದರೆ ಯಾರೂ ಕಿವಿಗೊಡಲಿಲ್ಲ. ಪುಕ್ಕಟೆ ಸಲಹೆ ಅಲ್ಲೇ ಧಾರಾಳವಾಗಿತ್ತಲ್ಲ.

ಎಲ್ಲರೂ ಒಮ್ಮತದಿಂದ ನಂಬಿದ್ದು ಒಂದೇ ಮಾತು: ಆರು ವರ್ಷ ಕಳೆದರೆ ಸಾಲ ಸತ್ತುಹೋಗುತ್ತದೆ. ಅರ್ಧ ನಿಜ. 1980ರ ಕಾಲಮಿತಿ ಕಾಯ್ದೆಯಂತೆ ಇಂಥ ಸಾಲಕ್ಕೆ ದಾವೆ ಹೂಡಲು ಆರು ವರ್ಷದ ಮಿತಿ. ಭಾರತದಲ್ಲಿ ಮೂರು, ಸ್ಕಾಟ್ಲೆಂಡಿನಲ್ಲಿ ಐದು. ಆದರೆ ಆ ಗಡಿಯಾರಕ್ಕೆ ಕೀಲಿ ಕೊಡುವುದು ಯಾವಾಗ ಎಂಬುದೇ ತಕರಾರು. ಡಿಫಾಲ್ಟ್ ನೋಟಿಸಿನ ಗಡುವು ಮುಗಿದ ಮೇಲೆ ಎಂದು 2019ರಲ್ಲಿ ಅಪೀಲು ಕೋರ್ಟು ಕಾರ್ಡಿನ ಪ್ರಕರಣವೊಂದರಲ್ಲಿ ಹೇಳಿದೆ. ಅದಕ್ಕಿಂತ ದೊಡ್ಡ ಉರುಲು ಇನ್ನೊಂದಿದೆ. ಮಿತಿ ತುಂಬುವ ಮೊದಲು ಸಾಲಗಾರ ಒಂದಿಷ್ಟು ಹಣ ಕಟ್ಟಿದರೆ, ಅಥವಾ ಸಾಲ ನನ್ನದೇ ಎಂದು ಬರೆದುಕೊಟ್ಟರೆ, ಆರು ವರ್ಷದ ಎಣಿಕೆ ಮತ್ತೆ ಸೊನ್ನೆಯಿಂದ.

"ಭಾವ, ನಡುವೆ ಏನಾದ್ರೂ ಕಟ್ಟಿದ್ರಾ?"

"ಇಲ್ಲಪ್ಪ. ಒಂದು ಹುಡುಗಿ ದಿನಾ ಫೋನ್ ಮಾಡ್ತಿದ್ಲು. ಕಾಟ ತಪ್ಪಲಿ ಅಂತ ಐದು ಪೌಂಡ್ ಕೊಟ್ಟೆ. ಅದೇನು ಲೆಕ್ಕಾನಾ?"

ಅದೇ ಲೆಕ್ಕ. ಇನ್ನೇನು ತೀರಿಕೊಳ್ಳಲಿದ್ದ ಸಾಲದ ಬಾಯಿಗೆ ಚಂದ್ರಣ್ಣ ಐದು ಪೌಂಡಿನ ಗಂಗಾಜಲ ಬಿಟ್ಟಿದ್ದರು. ಅದು ಎದ್ದು ಕೂತಿತ್ತು.

ಉಳಿದದ್ದು ಜವಾಬು ಬರೆಯುವ ಕೆಲಸ. ಚಂದ್ರಣ್ಣ ತಾವೇ ಬರೆದು ತಂದ ಕರಡು 2008ರ ಆರ್ಥಿಕ ಕುಸಿತದಿಂದ ಆರಂಭವಾಗಿ, ಅರಸೀಕೆರೆಯಲ್ಲಿ ಅವರ ತಾಯಿಯ ಮಂಡಿ ಆಪರೇಷನ್ನಿಗೆ ಹೊರಳಿ, ತಮ್ಮನ ಕೃತಘ್ನತೆಯಲ್ಲಿ ಮುಗಿಯುತ್ತಿತ್ತು. ತಾತ ಬದುಕಿದ್ದರೆ ಕಣ್ಣೊರೆಸಿಕೊಂಡು ಎರಡು ರೂಪಾಯಿ ಹೆಚ್ಚಿಗೆ ಕೇಳುತ್ತಿದ್ದರು. ಆದರೆ ಇಲ್ಲಿನ ಕೋರ್ಟಿಗೆ ಕಣ್ಣೀರು ಹಾಕಿಸುವ ಪದ್ಧತಿ ಇಲ್ಲ. ವಾದಿಯ ಒಂದೊಂದು ಮಾತಿಗೂ ಮೂರರಲ್ಲಿ ಒಂದು ಉತ್ತರ ಹೇಳಬೇಕು: ಒಪ್ಪುತ್ತೇನೆ; ಒಪ್ಪುವುದಿಲ್ಲ, ಕಾರಣ ಇಂಥದ್ದು; ನನಗೆ ತಿಳಿಯದು, ನೀವೇ ರುಜುವಾತು ಮಾಡಿ. ಕೊನೆಗೆ ಇದೆಲ್ಲ ಸತ್ಯವೆಂದು ಸಹಿ ಹಾಕಬೇಕು. ಸುಳ್ಳೆಂದು ಗೊತ್ತಿದ್ದೂ ಹಾಕಿದರೆ ನ್ಯಾಯಾಂಗ ನಿಂದನೆ. ಸಾಲಕ್ಕೆ ತಪ್ಪಿದ ಜೈಲು ಸುಳ್ಳಿಗೆ ಸಿಕ್ಕೀತು.

ಆದ್ದರಿಂದ ಹೀಗೆ ಬರೆದೆವು: ಬ್ಯಾಂಕಿನ ಕಾರ್ಡು ಇದ್ದದ್ದನ್ನು ಒಪ್ಪುತ್ತೇನೆ. ಆ ಸಾಲ ಈ ವಾದಿಗೆ ಸೇರಿತೆಂಬುದೂ ಮೊತ್ತ ಇಷ್ಟೇ ಎಂಬುದೂ ನನಗೆ ತಿಳಿಯದು, ರುಜುವಾತು ಮಾಡಲಿ. ಜೊತೆಗೆ 1974ರ ಗ್ರಾಹಕ ಸಾಲ ಕಾಯ್ದೆಯ 78ನೇ ಸೆಕ್ಷನ್ ಹಿಡಿದು ಕರಾರುಪತ್ರದ ಪ್ರತಿ, ಲೆಕ್ಕದ ವಿವರ ಕೊಡಿ ಎಂದು ವಾದಿಗೇ ಒಂದು ಪತ್ರ. ಅದಕ್ಕೆ ಶುಲ್ಕ ಒಂದು ಪೌಂಡ್. ಕೊಡುವವರೆಗೆ ಅವರು ಆ ಕರಾರನ್ನು ಜಾರಿ ಮಾಡಿಸುವಂತಿಲ್ಲ. ಎರಡು ಸಾವಿರ ಕೇಳಿದವನನ್ನು ಒಂದು ಪೌಂಡಿಗೆ ಕಟ್ಟಿಹಾಕಬಹುದೆಂಬ ಈ ಸುಖ ಇಂಗ್ಲಿಷ್ ಕಾನೂನಿನಲ್ಲಿ ಬಡವರಿಗೆ ಸಿಗುವ ಅಪರೂಪದ ಸುಖಗಳಲ್ಲೊಂದು. ಪೋಸ್ಟಲ್ ಆರ್ಡರ್ ಕಳಿಸಿ ಬಂದ ಚಂದ್ರಣ್ಣ ಆ ವಾರವೆಲ್ಲ ಎದೆಯುಬ್ಬಿಸಿ ನಡೆದರು.

ನಕ್ಷತ್ರಿಕನೂ ಕಚ್ಚೆ ಕಟ್ಟಿ ನಿಂತವನೇ. ಕರಾರಿನ ಪ್ರತಿ ಬಂತು. ಅದರ ಜೊತೆ ಬ್ಯಾಂಕಿನ ಹಳೆಯ ಸ್ಟೇಟ್‌ಮೆಂಟುಗಳೂ ಬಂದವು, ತಾರೀಖು, ಅಂಗಡಿ, ಮೊತ್ತ ಸಮೇತ. ದುರದೃಷ್ಟಕ್ಕೆ ಈ ಸಲ ಲಕೋಟೆ ಒಡೆದವರು ಸುಮಿತ್ರಕ್ಕ.

ಹದಿನೈದು ವರ್ಷದಿಂದ ಆ ಮನೆಯಲ್ಲಿ ಕಾರ್ಡಿನ ಸಾಲಕ್ಕೆ ಅಧಿಕೃತ ಕಾರಣ ಅರಸೀಕೆರೆಯ ಮಂಡಿ. ಸ್ಟೇಟ್‌ಮೆಂಟಿನಲ್ಲಿ ಮಂಡಿ ಎಲ್ಲೂ ಇರಲಿಲ್ಲ. ಗಾಲ್ಫ್ ಕಿಟ್ ಇತ್ತು, ಒಮ್ಮೆಯೂ ಹುಲ್ಲು ಕಾಣದೆ ಷೆಡ್ಡಿನಲ್ಲಿ ಲಕೋಟೆಗಳಿಗೆ ಕಾವಲು ಕೂತದ್ದು. ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯ ಸೀರೆ ಅಂಗಡಿಗಳೂ ಇದ್ದವು, ಒಂದರ ಕೆಳಗೊಂದು. ಗಾಲ್ಫನ್ನು ಸುಮಿತ್ರಕ್ಕ ಕೆಂಪು ಶಾಯಿಯಲ್ಲಿ ಗುರುತಿಸಿದರು, ಸೀರೆಯನ್ನು ಚಂದ್ರಣ್ಣ ನೀಲಿಯಲ್ಲಿ. ಕೋರ್ಟಿನ ಮೂರು ಉತ್ತರಗಳನ್ನೂ ಇಬ್ಬರೂ ಚೆನ್ನಾಗಿ ಕಲಿತಿದ್ದರು. "ಆ ಮೈಸೂರು ಸಿಲ್ಕ್ ನನಗೆ ತಿಳಿಯದು, ರುಜುವಾತು ಮಾಡಿ," ಎಂದರು ಸುಮಿತ್ರಕ್ಕ, ಅದನ್ನೇ ಉಟ್ಟುಕೊಂಡು.

ಇದರ ಮುಂದೆ ಅಸಲಿ ದಾವೆ ಸಪ್ಪೆಯೇ. ಹತ್ತು ಸಾವಿರ ಪೌಂಡಿನೊಳಗಿನದು ಇಲ್ಲಿ ಸಣ್ಣ ದಾವೆ. ವಿಚಾರಣೆಗೆ ಮೊದಲು ಕೋರ್ಟೇ ಪುಕ್ಕಟೆಯಾಗಿ ಫೋನಿನಲ್ಲಿ ಒಂದು ಗಂಟೆಯ ಸಂಧಾನ ನಡೆಸುತ್ತದೆ. ವಾದಿ ಪ್ರತಿವಾದಿಗಳು ಪರಸ್ಪರ ಮಾತಾಡುವಂತಿಲ್ಲ. ಸಂಧಾನಕಾರರು ಸರದಿಯ ಮೇಲೆ ಇಬ್ಬರಿಗೂ ಫೋನು ಮಾಡುತ್ತಾರೆ. ಅತ್ತಿಂದಿತ್ತ ಓಡಾಡಿ ಕೊನೆಗೆ ಬಡ್ಡಿ ಬಿಡಿಸಿದರು, ಅಸಲನ್ನು ತಿಂಗಳ ಕಂತು ಮಾಡಿದರು. 1927ರಲ್ಲಿ ನ್ಯಾಯಮೂರ್ತಿ ಟಾಮ್ಲಿನ್ ಹೇಳಿಕೊಟ್ಟ ರೀತಿಯ ಆದೇಶವಾಯಿತು: ಕಂತು ಕಟ್ಟುತ್ತಿರುವವರೆಗೆ ದಾವೆ ತೆಪ್ಪಗಿರುತ್ತದೆ, ರಿಜಿಸ್ಟರಿನಲ್ಲಿ ಹೆಸರು ಬರುವುದಿಲ್ಲ.

ಕೆಂಪು–ನೀಲಿ ಶಾಯಿಯ ದಾವೆಗೆ ಮಾತ್ರ ಅಂಥ ಸಂಧಾನಕಾರರು ಸಿಕ್ಕಿಲ್ಲ. "ಹಳೇದಲ್ವಾ, ಆರು ವರ್ಷ ಕಳೆದ ಮೇಲೆ ಅದೂ ಸತ್ತ ಹಾಗೇ ತಾನೇ?" ಎಂದು ಚಂದ್ರಣ್ಣ ಮೊನ್ನೆ ಆಸೆಯಿಂದ ಕೇಳಿದರು. ಹಿಂದಿನ ದಿನವಷ್ಟೇ ಹೆಂಡತಿಯನ್ನು ಸಮಾಧಾನ ಮಾಡಲೆಂದು ಲೆಸ್ಟರಿಗೆ ಕರೆದುಕೊಂಡು ಹೋಗಿ ಇನ್ನೊಂದು ಸೀರೆ ಕೊಡಿಸಿದ್ದರಂತೆ. ಕಾಯ್ದೆಯ ಪ್ರಕಾರ ಅದು ಭಾಗಶಃ ಪಾವತಿ. ಎಣಿಕೆ ಮತ್ತೆ ಸೊನ್ನೆಯಿಂದ.