ಲಿಲಿ ಮಾರುವವರಿಗೆ ಹೊರನಾಡಿನಿಂದ ಒಂದು ಬಹಿರಂಗ ಪತ್ರ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ನರ್ಸರಿಯವರಿಗೆ,

ಅರಳಿದ ಈಸ್ಟರ್ ಲಿಲಿಯ ಕುಂಡವನ್ನು ಆಸೆಪಟ್ಟು ಕೊಂಡವರು ಹೂ ಬಾಡುತ್ತಲೇ ಅದನ್ನು ತಿಪ್ಪೆಗೆ ಎಸೆಯುತ್ತಾರೆ. ಅವರನ್ನು ದೂರಿ ಫಲವಿಲ್ಲ. ಮಣ್ಣಿನೊಳಗೆ ಗೆಡ್ಡೆ ಜೀವಂತವಾಗಿದೆ, ಮತ್ತೆ ಹೂ ಕೊಡುತ್ತದೆ ಎಂದು ಮಾರುವಾಗ ಯಾರೂ ಹೇಳಿರುವುದಿಲ್ಲ. ಪ್ರತಿ ಕುಂಡದ ಜೊತೆ ಕನ್ನಡದಲ್ಲಿ ಒಂದು ಚೀಟಿ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಚೀಟಿಯಲ್ಲಿ ಏನಿರಬೇಕೆಂಬುದನ್ನೂ ಇಲ್ಲೇ ಹೇಳುತ್ತೇನೆ.

ಈ ಲಿಲಿಯ ತವರು ಜಪಾನಿನ ದಕ್ಷಿಣದ ರ್‍ಯೂಕ್ಯೂ ದ್ವೀಪಗಳು ಮತ್ತು ತೈವಾನ್. ಅಮೆರಿಕದ ಅಂಗಳಗಳಲ್ಲಿ ಅದನ್ನು ಅದರ ಪಾಡಿಗೆ ಬಿಟ್ಟರೆ ಹೂ ಬಿಡುವುದು ಜೂನ್, ಜುಲೈನಲ್ಲಿ. ಅಲ್ಲಿನ ಬೆಳೆಗಾರರು ಗೆಡ್ಡೆಗೆ ಲೆಕ್ಕ ಹಾಕಿ ಚಳಿ ಕೊಟ್ಟು, ಆಮೇಲೆ ಬೆಚ್ಚಗಿಟ್ಟು, ಈಸ್ಟರ್ ಹಬ್ಬಕ್ಕೆ ಸರಿಯಾಗಿ ಅರಳಿಸುತ್ತಾರೆ. 4ರಿಂದ 7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 1,000 ಗಂಟೆ, ಎಂದರೆ ಆರು ವಾರ. ಇದೇ ಆ ಲೆಕ್ಕ.

ನಮ್ಮಲ್ಲಿ ಅಷ್ಟು ಚಳಿ ಬೀಳುವುದಿಲ್ಲ. ಹಾಗೆಂದು ಕಾಫಿ ಬೆಳೆಯುವವರಿಗೆ ಈ ವಿಷಯ ಹೊಸದೂ ಅಲ್ಲ. ಕಾಫಿ ಮೊಗ್ಗಿಗೆ ಮೊದಲು ಒಣ ದಿನಗಳು ಬೇಕು, ಆಮೇಲೆ ಹೂಮಳೆ ಬೇಕು. ಮಳೆ ಬಿದ್ದ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಕಾಫಿಗೆ ಒಣಹವೆ ಹೇಗೋ ಲಿಲಿಗೆ ಚಳಿ ಹಾಗೆ. ಆ ಚಳಿಯನ್ನು ಮನೆಯ ಫ್ರಿಜ್ಜೇ ಕೊಡಬಲ್ಲದು.

ಚೀಟಿಯ ಮೊದಲ ಸಾಲು ಹೂ ಬಾಡಿದ ಮೇಲಿನ ಕೆಲಸದ್ದಾಗಲಿ. ಬಾಡಿದ ಹೂವನ್ನು ಬುಡದ ಕಾಯಿಯ ಸಮೇತ ಚಿವುಟಬೇಕು. ಇಲ್ಲದಿದ್ದರೆ ಗಿಡದ ಶಕ್ತಿ ಬೀಜಕ್ಕೆ ಹೋಗುತ್ತದೆ. ದಂಟು, ಎಲೆ ಹಸಿರಾಗಿರುವ ತನಕ ಕತ್ತರಿ ಹಾಕಬಾರದು. ಮುಂದಿನ ಹೂವಿಗೆ ಬೇಕಾದ ಆಹಾರವನ್ನು ಗೆಡ್ಡೆಗೆ ತುಂಬುವುದು ಆ ಎಲೆಗಳೇ.

ಎರಡನೆಯದು ಮಳೆಗಾಲ. ಇದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರನಾಡು, ಕಳಸದಲ್ಲಿ ಸುರಿಯುವ ಮಳೆಗೆ ಬಯಲಲ್ಲಿಟ್ಟ ಗೆಡ್ಡೆ ಕೊಳೆತೇ ಹೋಗುತ್ತದೆ. ಕುಂಡ ಜಗಲಿಯ ಮೇಲಿರಬೇಕು, ಬೆಳಕು ಬೀಳಬೇಕು, ಸೂರಿನ ನೀರು ಬೀಳಬಾರದು. ಎಲೆ ಹಳದಿಯಾಗುತ್ತಾ ಬಂದಂತೆ ನೀರು ಕಡಿಮೆ ಮಾಡಿ, ದಂಟು ಒಣಗಿದ ಮೇಲೆ ನಿಲ್ಲಿಸಬೇಕು.

ಅಕ್ಟೋಬರ್ ನಡುವೆ ಗೆಡ್ಡೆ ತೆಗೆದು ನೋಡಲಿ. ನಿಜವಾದ ಲಿಲಿಯ ಗೆಡ್ಡೆಗೆ ಈರುಳ್ಳಿಯಂಥ ಸಿಪ್ಪೆ ಇರುವುದಿಲ್ಲ. ಬಿಡಿಬಿಡಿ ಎಸಳು ಜೋಡಿಸಿದಂತೆ ಇರುತ್ತದೆ. ಸಿಪ್ಪೆ ಇದ್ದರೆ ಅದು ಹಿಪ್ಪಿಯಾಸ್ಟ್ರಮ್ ಇದ್ದೀತು. ಅದಕ್ಕೆ ಫ್ರಿಜ್ ಬೇಡ, ಕೆಲವು ವಾರ ಒಣಗಲು ಬಿಟ್ಟರೆ ಸಾಕು. ಲಿಲಿಯ ಗೆಡ್ಡೆಯನ್ನು ಸ್ವಲ್ಪವೇ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ, ತೂತು ಮಾಡಿದ ಚೀಲದಲ್ಲಿ ಹಾಕಿ, ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಆರು ವಾರ ಇಡಬೇಕು. ಫ್ರೀಜರ್ ಬೇಡ. ಸೇಬು, ಬಾಳೆಹಣ್ಣು ಹತ್ತಿರ ಇರಬಾರದು. ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯನ್ನು ಕೆಡಿಸುತ್ತದೆ.

ಡಿಸೆಂಬರ್ ಮೊದಲಲ್ಲಿ, ಕಾಫಿ ಕೊಯ್ಲಿನ ನಡುವೆಯೇ ಬಿಡುವು ಮಾಡಿಕೊಂಡು ನೆಡಬೇಕು. ಗೆಡ್ಡೆಯ ಮೇಲಿನ ದಂಟಿನಲ್ಲೂ ಬೇರು ಬರುವುದರಿಂದ ಒಂದು ಗೇಣಿನಷ್ಟು ಆಳದ ಕುಂಡ ಬೇಕು, ಗೆಡ್ಡೆಯ ಮೇಲೆ ದಪ್ಪಗೆ ಮಣ್ಣು ಬೇಕು. ಕಾಡುಮಣ್ಣಿಗೆ ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ನೀರು ನಿಲ್ಲುವುದಿಲ್ಲ. ನಮ್ಮ ಮಣ್ಣು ಹುಳಿ. ಕಾಫಿಗೆ ಹಾಕುವ ಕೃಷಿ ಸುಣ್ಣವನ್ನೇ ಚಿಟಿಕೆಯಷ್ಟು ಸೇರಿಸಬಹುದು. ನೆಟ್ಟ ಮೂರೂವರೆ, ನಾಲ್ಕು ತಿಂಗಳಿಗೆ ಹೂ ಬರುತ್ತದೆ. 2027ರ ಈಸ್ಟರ್ ಮಾರ್ಚ್ 28ಕ್ಕೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಅಂಗಳದಲ್ಲಿ ನೆಡುವವರು ಏರಿ ಮಾಡಿ ನೆಡಲಿ, ಹಂದಿ ಕೆದಕದಂತೆ ಬೇಲಿ ಕಟ್ಟಲಿ. ಎಲೆಯಲ್ಲಿ ಮಚ್ಚೆ, ಮುರುಟು ಕಂಡರೆ ವೈರಸ್ ಇರಬಹುದು. ಆ ಗಿಡವನ್ನು ಕಿತ್ತು ದೂರ ಮಾಡಬೇಕು. ಗಿಡಹೇನು ಅದನ್ನು ಪಕ್ಕದ ಗಿಡಕ್ಕೆ ಹರಡುತ್ತದೆ.

ಇನ್ನೊಂದು ಮಾತು ಕೆಂಪು ಶಾಯಿಯಲ್ಲಿರಲಿ: ಬೆಕ್ಕಿರುವ ಮನೆಗೆ ಈ ಗಿಡ ಬೇಡ. ಎಲೆ, ಹೂ, ಮೈಗೆ ಅಂಟಿದ ಪರಾಗ, ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ, ಜೀವವೇ ಹೋಗಬಹುದು. ತಿಂದದ್ದು ಗೊತ್ತಾದರೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮಲೆನಾಡಿನಲ್ಲಿ ಬೆಕ್ಕಿಲ್ಲದ ಮನೆ ಕಡಿಮೆ. ಕೊಳ್ಳುವವರನ್ನು ನೀವೇ ಕೇಳಿ, ಬೆಕ್ಕಿದೆ ಎಂದರೆ ಬೇರೆ ಗಿಡ ಕೊಡಿ.

ಬಿಳಿ ತುತ್ತೂರಿಯಂಥ ಲಿಲಿ ಪಶ್ಚಿಮಘಟ್ಟಕ್ಕೂ ಹೊರಗಿನದಲ್ಲ. ನೀಲಗಿರಿ, ಪಳನಿ ಬೆಟ್ಟಗಳ ಎತ್ತರದ ತಂಪಿನಲ್ಲಿ ನೀಲಗಿರಿ ಲಿಲಿ ತಾನಾಗಿ ಅರಳುತ್ತದೆ. ಅದನ್ನು ಕಾಡಿನಿಂದ ಕೀಳುವುದು ಬೇಡ. ಕೈಗೆ ಬಂದ ಗೆಡ್ಡೆಯನ್ನು ಉಳಿಸಿಕೊಳ್ಳಲು ಕಲಿತರೆ ಸಾಕು.

ಮೂಡಿಗೆರೆಯ ತೋಟಗಾರಿಕೆ ಕಾಲೇಜಿನವರು ಈ ಚೀಟಿಯನ್ನು ತಿದ್ದಿಕೊಟ್ಟರೆ ಇನ್ನೂ ಒಳ್ಳೆಯದು. ಮುದ್ರಣಕ್ಕೆ ಹೆಚ್ಚು ಖರ್ಚಾಗುವುದಿಲ್ಲ, ವ್ಯಾಪಾರವೂ ಕುಗ್ಗುವುದಿಲ್ಲ. ಎರಡನೆಯ ವರ್ಷವೂ ಹೂ ಕಂಡವರು ಮತ್ತೆ ನಿಮ್ಮ ಬಳಿಗೇ ಬರುತ್ತಾರೆ. ಮುಂದಿನ ಈಸ್ಟರ್‌ಗೆ ಮೊದಲೇ ಈ ಚೀಟಿ ಅಚ್ಚಾಗಲಿ.

ಇಂತಿ,
ಹೊರನಾಡಿನ ಒಬ್ಬ ಹೂಗಿಡದ ಗಿರಾಕಿ